ಸ್ಟಿಕ್ಕರ್ ಇಲ್ಲದ ಫಾರಿನ್ ಚೂಯಿಂಗ್ ಗಮ್ ಹೋಟೆಲ್ ಗಲ್ಲಾದಲ್ಲಿ ಇಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಡೊಂಬಿವಲಿಯಲ್ಲಿ ನಿಮ್ಮದೊಂದು ಪುಟ್ಟ ಉಡುಪಿ ಹೋಟೆಲ್. ಕ್ರಾಫರ್ಡ್ ಮಾರ್ಕೆಟ್ ಕಡೆಯ ಏಜೆಂಟ್ ಒಬ್ಬ ಟರ್ಕಿ, ಕೊರಿಯಾದ ಚೂಯಿಂಗ್ ಗಮ್ ತಂದುಕೊಡುತ್ತೇನೆ, ಮಾರ್ಜಿನ್ ಜಾಸ್ತಿ ಎನ್ನುತ್ತಿದ್ದಾನೆ. ಪ್ಯಾಕೆಟ್ ಮೇಲೆ ನಮಗೆ ಓದಲು ಬರುವ ಒಂದು ಅಕ್ಷರವೂ ಇಲ್ಲ. ಕೇಳಿದರೆ, "ಒಂದು ರೂಪಾಯಿ ಬಬಲ್ ಗಮ್ ಕಾಗದದ ಮೇಲೆ ಮಾತ್ರ ಏನು ಬರೆದಿರುತ್ತೆ?" ಅಂತ ನಿಮ್ಮನ್ನೇ ತಿರುಗಿ ಕೇಳಿದನಂತೆ.

ಹಾಗೇ ಇಡಬೇಡಿ. ನಾನು ಮಸ್ಜಿದ್ ಬಂದರಿನ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಮಿಠಾಯಿ, ಚಾಕೊಲೇಟ್ ಸರಕಿನ ಬಿಲ್ಲು, ಲೇಬಲ್ಲು ನೋಡಿಕೊಳ್ಳುತ್ತೇನೆ. ಆ ಏಜೆಂಟ್ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ.

ಸಣ್ಣ ಪ್ಯಾಕ್‌ಗೆ ವಿನಾಯಿತಿ ಇರುವುದು ನಿಜ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ, 100 ಚದರ ಸೆಂಟಿಮೀಟರ್ ಮೀರದ ಪ್ಯಾಕ್ ಮೇಲೆ ಪದಾರ್ಥಗಳ ಪಟ್ಟಿ, ಬ್ಯಾಚ್ ನಂಬರ್, ಪೋಷಕಾಂಶದ ವಿವರ ಹಾಕಲೇಬೇಕು ಅಂತಿಲ್ಲ. 30 ಚದರ ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ತಾರೀಖೂ ಬೇಕಿಲ್ಲ. ಬಿಡಿ ಗಮ್ ಸುತ್ತಿದ ಕಾಗದ ಈ ಲೆಕ್ಕದೊಳಗೇ ಬರುತ್ತದೆ. ಆದರೆ ಬಿಟ್ಟ ವಿವರವೆಲ್ಲ ಅದು ಬಂದ ಡಬ್ಬಿಯ ಅಥವಾ ದೊಡ್ಡ ಪ್ಯಾಕಿನ ಮೇಲೆ ಇರಲೇಬೇಕು. ಒಂದು ರೂಪಾಯಿ ಗಮ್‌ನ ನಿಜವಾದ ಲೇಬಲ್ ಅಂದರೆ ಆ ಪ್ಲಾಸ್ಟಿಕ್ ಡಬ್ಬಿ.

ನಮ್ಮ ಹೋಟೆಲಿನವರು ಆ ಡಬ್ಬಿಯನ್ನು ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು. ಗಮ್ಮನ್ನು ಸೋಂಪಿನ ಬಟ್ಟಲಿನ ಪಕ್ಕ ಸ್ಟೀಲ್ ತಟ್ಟೆಗೆ ಸುರಿಯುತ್ತಾರೆ. ಡಬ್ಬಿಯನ್ನು ಬಿಸಿನೀರಲ್ಲಿ ನೆನೆಸಿ ಲೇಬಲ್ ಕಿತ್ತು, ಅಡುಗೆಮನೆಯಲ್ಲಿ ಜೀರಿಗೆ ತುಂಬಿಸುತ್ತಾರೆ. ಒಳ್ಳೆಯ ಡಬ್ಬಿ, ಬಿಸಾಡಲು ಮನಸ್ಸು ಬರಲ್ಲ, ಅಲ್ವಾ! ಆದರೆ ನಾಳೆ ರಾಜ್ಯದ ಆಹಾರ-ಔಷಧ ಇಲಾಖೆಯ ಎಫ್‌ಡಿಎ ಇನ್‌ಸ್ಪೆಕ್ಟರ್ ಬಂದು ಬ್ಯಾಚ್ ಯಾವುದು, ಯಾವಾಗ ತಯಾರಾಯಿತು ಅಂತ ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇರಲ್ಲ. ಗಮ್ ಖಾಲಿಯಾಗುವವರೆಗೂ ಡಬ್ಬಿ ಲೇಬಲ್ ಸಮೇತ ಇರಲಿ. ಜೀರಿಗೆ ಆಮೇಲೆ.

ಈಗ ಫಾರಿನ್ ಮಾಲಿನ ವಿಷಯ. ನ್ಹಾವಾ ಶೇವಾ ಬಂದರಿನಲ್ಲೋ ವಿಮಾನದ ಕಾರ್ಗೋದಲ್ಲೋ ಸರಿಯಾಗಿ ಇಳಿದ ತಿಂಡಿ ಪದಾರ್ಥ ಕಸ್ಟಮ್ಸ್ ಜೊತೆಗೆ ಎಫ್‌ಎಸ್‌ಎಸ್‌ಎಐ ಪರಿಶೀಲನೆಯನ್ನೂ ದಾಟಿ ಬರುತ್ತದೆ. ಆಮದುದಾರನ ಹತ್ತಿರ ಕೇಂದ್ರ ಲೈಸೆನ್ಸ್ ಇರಬೇಕು. ಅವನ ಹೆಸರು, ವಿಳಾಸ, 14 ಅಂಕಿಯ ಲೈಸೆನ್ಸ್ ನಂಬರ್, ವೆಜ್ ಅಥವಾ ನಾನ್‌ವೆಜ್ ಗುರುತು, ಎಂಆರ್‌ಪಿ ಇವೆಲ್ಲ ಪ್ಯಾಕ್ ಮೇಲೆ ಕಾಣಬೇಕು. ವಿವರ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಬೇಕು. ಹೊರದೇಶದಲ್ಲಿ ಅಚ್ಚಾಗದ ಗುರುತುಗಳನ್ನು ಇಲ್ಲಿನ ಗೋದಾಮಿನಲ್ಲಿ ಸ್ಟಿಕ್ಕರ್ ಆಗಿ ಅಂಟಿಸಲು ಅನುಮತಿ ಇದೆ. ನೀವು ಮಾಲ್‌ಗಳಲ್ಲಿ ನೋಡುವ ಬಿಳಿ ಸ್ಟಿಕ್ಕರ್ ಅದೇ. ಅದು ಇಲ್ಲದ ಮಾಲು ಹೆಚ್ಚಾಗಿ ಯಾರದೋ ಬ್ಯಾಗಿನಲ್ಲಿ ಬಂದದ್ದು. ಏಜೆಂಟನ ಮಾರ್ಜಿನ್ ಜಾಸ್ತಿ ಆಗುವುದೂ ಅಲ್ಲಿಂದಲೇ.

ಸ್ಟಿಕ್ಕರ್ ಇದ್ದರೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕೆಳಗಿನ ಮೂಲ ತಾರೀಖನ್ನು ಮುಚ್ಚಿ ಅಂಟಿಸಿದ್ದರೆ ವಾಪಸ್ ಕೊಡಿ. ತಾರೀಖು ಓದುವುದರಲ್ಲೂ ತಲೆನೋವಿದೆ. ಕೊರಿಯಾದವರು ವರ್ಷ ಮೊದಲು ಬರೆಯುತ್ತಾರೆ. 27.03.11 ಅಂತ ಕಂಡರೆ ನಮ್ಮ ಹುಡುಗರು 27ನೇ ತಾರೀಖು ಅಂದುಕೊಳ್ಳುತ್ತಾರೆ, ಅದು 2027ರ ಮಾರ್ಚ್ 11. ಯುರೋಪಿನ ಕಾನೂನಿನಲ್ಲಂತೂ ಚೂಯಿಂಗ್ ಗಮ್‌ಗೆ ಕೊನೆಯ ತಾರೀಖು ಹಾಕುವುದು ಕಡ್ಡಾಯವೇ ಅಲ್ಲ. ಹಾಗಾಗಿ ಕೆಲವು ಪ್ಯಾಕ್‌ಗಳಲ್ಲಿ ಎಷ್ಟು ಹುಡುಕಿದರೂ ಸಿಗಲ್ಲ.

ಮುಂಬೈಯಲ್ಲಿ ಇನ್ನೊಂದು ಮಾತು ಮರೆಯಬಾರದು. ನಿಮ್ಮ ಹೋಟೆಲಿಗೆ ಗುಜರಾತಿ, ಜೈನ ಗಿರಾಕಿಗಳು ಬರುತ್ತಾರಲ್ವಾ? ಕೆಲವು ಫಾರಿನ್ ಗಮ್‌ಗಳಲ್ಲಿ ಜೆಲಟಿನ್ ಇರುತ್ತದೆ, ಅಂದರೆ ಪ್ರಾಣಿ ಮೂಲದ್ದು. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ವೆಜ್, ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ನಾನ್‌ವೆಜ್. ಗುರುತೇ ಇಲ್ಲದ ಗಮ್ಮನ್ನು ಶುದ್ಧ ಸಸ್ಯಾಹಾರಿ ಬೋರ್ಡಿನ ಕೆಳಗೆ ಮಾರುವುದು, ದಂಡದ ಮಾತು ಬಿಡಿ, ಗಿರಾಕಿಗೆ ಮಾಡುವ ಮೋಸ.

ದಂಡವೂ ಸಣ್ಣದಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಲೇಬಲ್ ಸರಿಯಿಲ್ಲದ ಮಾಲು ಮಾರಿದರೆ 3 ಲಕ್ಷ ರೂಪಾಯಿವರೆಗೆ ಹೋಗಬಹುದು. "ನಾನು ಬರೀ ಮಾರಿದೆ, ತಯಾರಿಸಿದ್ದು ನಾನಲ್ಲ" ಅಂದರೆ ನಡೆಯಲ್ಲ. ಯಾರಿಂದ ಬಂತು ಎಂದು ಗುರುತಿಸಲಾಗದ ಮಾಲಿಗೆ ಮಾರಿದವನೇ ಹೊಣೆ ಅಂತ 27ನೇ ಸೆಕ್ಷನ್ ಹೇಳುತ್ತದೆ. ಅದಕ್ಕೇ ಪಕ್ಕಾ ಬಿಲ್ ಕೇಳಿ. ಬಿಲ್ ಜೊತೆ ಫಾರ್ಮ್ ಇ ಗ್ಯಾರಂಟಿಯನ್ನೂ, ಅಂದರೆ ಮಾಲು ಸರಿಯಿದೆ ಎಂದು ಕೊಟ್ಟವನು ಬರೆದುಕೊಡುವ ಪತ್ರವನ್ನೂ, ಕೇಳಿ. ಏಜೆಂಟ್ "ಅದೆಲ್ಲ ಯಾಕೆ ಸೇಟ್, ಚಿಟ್ಟಿ ಸಾಕು" ಅಂದರೆ ಮಾತು ಅಲ್ಲಿಗೇ ಮುಗಿಸಿ.

ವ್ಯಾಪಾರದ ಲೆಕ್ಕದಲ್ಲೂ ನನಗೆ ಇದರಲ್ಲಿ ಅಂಥ ಲಾಭ ಕಾಣುತ್ತಿಲ್ಲ. ಹೋಟೆಲ್ ಗಲ್ಲಾದಲ್ಲಿ ಬಬಲ್ ಗಮ್ ಅಷ್ಟು ಖರ್ಚಾಗುತ್ತಿದ್ದುದು ಗಿರಾಕಿ ಕೇಳಿದ್ದಕ್ಕಲ್ಲ, ಒಂದು ರೂಪಾಯಿ ಚಿಲ್ಲರೆ ಇಲ್ಲದ್ದಕ್ಕೆ. ಯುಪಿಐ ಬಂದ ಮೇಲೆ 47 ರೂಪಾಯಿ ಬಿಲ್ಲಿಗೆ 47 ರೂಪಾಯಿಯೇ ಬೀಳುತ್ತದೆ, ಮೂರು ಗಮ್ ಕೈಗಿಡುವ ಪ್ರಮೇಯವೇ ಇಲ್ಲ. ದೋಸೆ ತಿಂದವರು ನೂರೈವತ್ತು ರೂಪಾಯಿಯ ಕೊರಿಯನ್ ಪ್ಯಾಕ್ ಕೊಳ್ಳುತ್ತಾರಾ? ಕಾಲೇಜು ಹತ್ತಿರವಿದ್ದರೆ ಒಂದಷ್ಟು ಹೋಗಬಹುದು. ಅಷ್ಟಕ್ಕಾದರೆ ಲೈಸೆನ್ಸ್ ಇರುವ ಆಮದುದಾರರ ಮಾಲು ಕ್ರಾಫರ್ಡ್ ಮಾರ್ಕೆಟ್‌ನಲ್ಲೇ ಬಿಲ್ ಸಮೇತ ಸಿಗುತ್ತದೆ. ಮಾರ್ಜಿನ್ ಸ್ವಲ್ಪ ಕಮ್ಮಿ, ಅಷ್ಟೇ.

ಶುಗರ್‌ಫ್ರೀ ತರಿಸುವುದಾದರೆ ಲೇಬಲ್ಲಿನಲ್ಲಿ ಸಿಹಿಕಾರಕದ ಹೆಸರು ನೋಡಿ. ಸಾರ್ಬಿಟಾಲ್, ಕ್ಸೈಲಿಟಾಲ್ ಥರದ್ದು ಜಾಸ್ತಿ ತಿಂದರೆ ಹೊಟ್ಟೆ ಸಡಿಲವಾಗುತ್ತದೆ. ಆಸ್ಪರ್ಟೇಮ್ ಇದ್ದರೆ, ಹುಟ್ಟಿನಿಂದ ಬರುವ ಕಾಯಿಲೆಯಾದ ಫಿನೈಲ್‌ಕೀಟೋನ್ಯೂರಿಯಾ ಇರುವವರಿಗಲ್ಲ ಎಂಬ ಎಚ್ಚರಿಕೆ ಇರಬೇಕು. ಮತ್ತೆ ಆ ಏಜೆಂಟನ ಪಟ್ಟಿಯಲ್ಲಿ ನಿಕೋಟಿನ್ ಗಮ್ ಇದ್ದರೆ ಗಲ್ಲಾದ ಹತ್ತಿರವೂ ತರಬೇಡಿ. ಆಹಾರದಲ್ಲಿ ನಿಕೋಟಿನ್ ಹಾಕುವುದಕ್ಕೇ ನಿಷೇಧ ಇದೆ. ಸಿಗರೇಟ್ ಬಿಡಲು ಕೊಡುವ ಆ ಗಮ್ ಔಷಧದ ಲೆಕ್ಕ, ಕೇಳಿದವರಿಗೆ ಮೆಡಿಕಲ್ ಅಂಗಡಿ ತೋರಿಸಿ.