ವಿಜಯಪುರದ ಬಿಸಿಲಿಗೆ ಒಣಗಿಸಿದ ಗುಲಾಬಿ ಬಣ್ಣಗೆಡುವುದೇಕೆ? ಅಲಂಕಾರಕ್ಕೆ ಹೇಗೆ ಒಣಗಿಸಬೇಕು?

ಮಾಳಿಗೆ ಮೇಲೆ ಬಿಸಿಲಿಗೆ ಇಡಬೇಡಿ. ಕತ್ತಲಿರುವ, ಗಾಳಿಯಾಡುವ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿ. ದಳದ ಬಣ್ಣದ ಅಂಶ ಬೆಳಕಿಗೆ ಒಡೆದು ಪೇಲವವಾಗುತ್ತದೆ. ಹಾಗೆಂದು ಗಾಳಿಯಿಲ್ಲದೆ ನಿಧಾನವಾಗಿ ಒಣಗಿದರೆ ಒಳಗೆ ಉಳಿದ ತೇವದಿಂದ ದಳ ಕಂದು ತಿರುಗುತ್ತದೆ. ಬೇಗ ಒಣಗಬೇಕು, ಆದರೆ ಬೆಳಕು ತಾಗಬಾರದು.

ಇಬ್ಬನಿ ಆರಿದ ಮೇಲೆ, ಅರ್ಧ ಅರಳಿದ ಹೂವನ್ನೇ ಕೊಯ್ಯಿರಿ. ಪೂರ್ತಿ ಅರಳಿದ್ದು ಒಣಗುವಾಗ ದಳ ಉದುರಿಸುತ್ತದೆ. ಎಲೆ ತೆಗೆದು ಐದಾರು ಕಡ್ಡಿಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ. ದಾರ ಬೇಡ, ಒಣಗಿದ ಕಡ್ಡಿ ಸಣ್ಣಗಾಗಿ ಜಾರಿ ಬೀಳುತ್ತದೆ. ಎರಡು-ಮೂರು ವಾರ ಸಾಕು. ಬಾಗಲಕೋಟೆ, ವಿಜಯಪುರದ ಒಣ ಬೇಸಿಗೆಯಲ್ಲಿ ಇನ್ನೂ ಬೇಗ. ಕಡ್ಡಿ ಬಾಗದೆ ಪಟಕ್ಕನೆ ಮುರಿದರೆ ಒಣಗಿದೆ ಎಂದರ್ಥ.

ಬೆಳಗಾವಿಯ ಮಳೆಗಾಲದಲ್ಲಿ ಈ ವಿಧಾನ ನೆಚ್ಚಿಕೊಳ್ಳುವಂಥದ್ದಲ್ಲ, ಬೂಸ್ಟು ಹಿಡಿಯುತ್ತದೆ. ಆಗ ತೇವ ಹೀರುವ ಸಿಲಿಕಾ ಜೆಲ್ ಬಳಸಿ, ಮುತ್ತಿನಂಥದ್ದಲ್ಲ, ಸಣ್ಣ ರವೆಯಂಥದ್ದು. ಡಬ್ಬಿಯ ತಳಕ್ಕೆ 2 ಸೆಂ.ಮೀ. ಹರಡಿ, ಗಿಡ್ಡ ಕಡ್ಡಿಯ ಹೂವನ್ನು ಮೇಲ್ಮುಖವಾಗಿ ನಿಲ್ಲಿಸಿ. ದಳಗಳ ನಡುವೆ ಚಮಚದಿಂದ ಮೆಲ್ಲಗೆ ಸುರಿಯುತ್ತ ಹೂ ಮುಚ್ಚುವಷ್ಟು ತುಂಬಿ. ಒಮ್ಮೆಲೇ ಸುರಿದರೆ ಹೂ ಚಪ್ಪಟೆಯಾಗುತ್ತದೆ. ಮುಚ್ಚಳ ಬಿಗಿಮಾಡಿ, ನಾಲ್ಕನೇ ದಿನದಿಂದ ನೋಡುತ್ತಿರಿ. ವಾರ ಮೀರಿದರೆ ದಳ ಪುಡಿಯಾಗಬಹುದು.

ಗುಲಾಬಿ ಬಣ್ಣದ, ಕಿತ್ತಳೆ ಹೂಗಳು ಚೆನ್ನಾಗಿ ಉಳಿಯುತ್ತವೆ. ಕಡುಗೆಂಪು ಹೇಗೆ ಒಣಗಿಸಿದರೂ ಕಪ್ಪಿಗೆ ತಿರುಗುತ್ತದೆ. ಮಲ್ಲಿಗೆಯನ್ನಂತೂ ಒಣಗಿಸಲು ಹೋಗಬೇಡಿ, ಕಂದಾಗುತ್ತದೆ.