ಆಪ್ತಸಲಹೆ ಪ್ರಕರಣ: ದುಡ್ಡು ಕೊಡದೆ ಮನೆಗೆ ಬಂದ ಫೋನು

ಆ ತಾಯಿ ಮಗನ ವಿಷಯ ಹೇಳಲು ಬಂದಿರಲಿಲ್ಲ. ತನಗೆ ನಿದ್ದೆ ಬರುತ್ತಿಲ್ಲ ಅಂತ ಬಂದಿದ್ದರು. ಯಾಕೆ ಅಂದರೆ, ಮಗ ರಾತ್ರಿ ಒಂದು ಎರಡು ಗಂಟೆಯವರೆಗೆ ಮಾಳಿಗೆ ಮೇಲೆ ಕೂತು ಯಾರ ಜೊತೆಗೋ ಪಿಸುಪಿಸು ಮಾತಾಡುತ್ತಾನೆ, ಅದನ್ನು ಕೇಳಿಸಿಕೊಳ್ಳುತ್ತಾ ಮಲಗಿರುತ್ತೇನೆ ಅಂದರು. ಯಾರನ್ನಾದರೂ ಪ್ರೀತಿ ಮಾಡ್ತಿರಬಹುದಲ್ವಾ ಅಂತ ಕೇಳಿದೆ.

"ಅದಾದ್ರ ನಾ ಖುಷಿ ಪಡ್ತಿದ್ದೆ ರೀ ಮೇಡಂ. ಆ ಫೋನಿಗಿ ನಾವು ದುಡ್ಡು ಕೊಟ್ಟಿಲ್ಲ. ಅವನ ಬಲ್ಲೂ ದುಡ್ಡಿಲ್ಲ. ಎಲ್ಲಿಂದ ಬಂತದು?"

ಹುಡುಗನನ್ನು ಬಾಬು ಅಂತ ಕರೆಯುತ್ತೇನೆ. ಕಲಬುರಗಿಯಲ್ಲಿ ಈ ಹೆಸರಿನವರು ಹಿಂದೂ, ಮುಸ್ಲಿಂ ಎರಡೂ ಕಡೆಯ ಮನೆಗಳಲ್ಲಿ ಸಿಗುತ್ತಾರೆ, ಅದಕ್ಕೇ ಆರಿಸಿದ್ದು. ಓಣಿ, ವಯಸ್ಸು, ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ ಮಗ ಇಬ್ಬರ ಒಪ್ಪಿಗೆಯೂ ಇದೆ. ಯಾವ ಧರ್ಮ, ಯಾವ ಗುಂಪು ಅಂತ ಮಾತ್ರ ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಅಲ್ಲಿಗೇ ಓದು ನಿಲ್ಲಿಸಿ, "ಇವರದು ಯಾವಾಗಲೂ ಇದೇ" ಅಂತ ತೀರ್ಮಾನ ಕೊಟ್ಟುಬಿಡುತ್ತಾರೆ. ನನ್ನೆದುರು ಎರಡೂ ಕಡೆಯ ಹುಡುಗರು ಕೂತಿದ್ದಾರೆ. ಅವರನ್ನು ಹಿಂಸೆಯ ಹಾದಿಗೆ ಸೆಳೆಯುವ ರೀತಿಯಲ್ಲಿ ನನಗೆ ಹೆಚ್ಚು ವ್ಯತ್ಯಾಸ ಕಂಡಿಲ್ಲ.

ಬಾಬುವಿನ ತಂದೆ ದಾಲ್ ಮಿಲ್‌ಗಳಿಗೆ ಗೂಡ್ಸ್ ಆಟೋ ಹೊಡೆಯುತ್ತಾರೆ. ತೊಗರಿ ಸೀಸನ್‌ನಲ್ಲಿ ಮನೆಗೆ ಬರುವುದೇ ಕಡಿಮೆ. ಬಾಬು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಮಾಡುತ್ತಿದ್ದ. ಸಂಜೆ ಸೂಪರ್ ಮಾರ್ಕೆಟ್ ಕಡೆ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಅಂಗಡಿಯವರು ಬೇರೆ ಧರ್ಮದವರು. ಇವನು ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದ.

ಒಂದು ಮೆರವಣಿಗೆಯ ದಿನ ಕಲ್ಲು ಬಿತ್ತು. ಮಾರನೆಯ ದಿನ ಪೊಲೀಸರು ಓಣಿಯ ಹುಡುಗರನ್ನು ಕರೆದುಕೊಂಡು ಹೋದರು. ಬಾಬುವೂ ಅವರಲ್ಲಿದ್ದ. ಒಂದು ರಾತ್ರಿ ಠಾಣೆಯಲ್ಲಿ ಕೂರಿಸಿ ಬೆಳಿಗ್ಗೆ ಬಿಟ್ಟರು. ಕೇಸಿಲ್ಲ, ಎಫ್‌ಐಆರ್‌ನಲ್ಲಿ ಹೆಸರೂ ಇಲ್ಲ. ಆದರೆ ಫೋನು ಅಲ್ಲೇ ಉಳಿಯಿತು. ರಸೀದಿ ಕೊಡಲಿಲ್ಲ. ಆ ಫೋನಿನ ಕಂತು ಇನ್ನೂ ತೀರಿರಲಿಲ್ಲ. ಕೇಳಲು ಹೋದಾಗೆಲ್ಲ "ಸಾಹೇಬ್ರು ಇಲ್ಲ, ನಾಳಿ ಬಾ" ಅನ್ನುವ ಉತ್ತರ. ಕೊನೆಗೆ ಹೋಗುವುದನ್ನೇ ಬಿಟ್ಟ. ಕಂತು ಮಾತ್ರ ತಿಂಗಳು ತಿಂಗಳು ಹೋಗುತ್ತಲೇ ಇತ್ತು.

ಆಮೇಲಿನ ಬದಲಾವಣೆಯನ್ನು ತಾಯಿ ಒಂದೊಂದಾಗಿ ನೆನಪಿಸಿಕೊಂಡು ಹೇಳಿದರು. ಅಂಗಡಿಗೆ ಹೋಗುವುದು ನಿಂತಿತು. ಫೋಟೊಗಳನ್ನು ಅಳಿಸಿದ. ತಂಗಿಗೆ ಏನೇನೋ ಉಪದೇಶ ಶುರು ಮಾಡಿದ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಡಬ್ಬಿಯ ಸಂಗತಿ. ಪಕ್ಕದ ಮನೆಗೂ ಇವರ ಮನೆಗೂ ವರ್ಷಗಳಿಂದ ಡಬ್ಬಿ ಓಡಾಡುತ್ತಿತ್ತು. ಎಳ್ಳಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಆ ಕಡೆ ಹೋದರೆ, ರಂಜಾನಿಗೆ ಸುರಕುಂಬಾ ಈ ಕಡೆ, ಅಥವಾ ತಿರುಗಿಸಿ ಓದಿಕೊಳ್ಳಿ. ಆ ವರ್ಷ ಪಕ್ಕದ ಮನೆ ಹುಡುಗಿ ಡಬ್ಬಿ ತಂದಾಗ ಬಾಬುವೇ ಬಾಗಿಲಲ್ಲಿದ್ದ. ಮುಚ್ಚಳವನ್ನೂ ತೆಗೆಯದೆ "ನಮಗ ಬ್ಯಾಡ" ಅಂತ ವಾಪಸು ಕೊಟ್ಟ. ಸಣ್ಣವನಿದ್ದಾಗ ಅದೇ ಹುಡುಗಿಯ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. ತಾಯಿ ರಾತ್ರಿ ಹಿತ್ತಲ ಬಾಗಿಲಿಂದ ಹೋಗಿ ಆ ಡಬ್ಬಿ ಇಸಿದುಕೊಂಡು ಬಂದರಂತೆ. ಮಗನ ತಲೆಯಲ್ಲಿ ಏನೋ ನಡೆದಿದೆ ಅಂತ ಊರಲ್ಲಿ ಯಾರಿಗೂ ಗೊತ್ತಾಗುವ ಮುಂಚೆ ಈ ಹೆಣ್ಣುಮಗಳಿಗೆ ಗೊತ್ತಾಗಿತ್ತು. ಗೊತ್ತಾಗಿ ಆರು ತಿಂಗಳು ಯಾರಿಗೂ ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಯಾರ ಮುಂದ ಹೇಳ್ಲಿ? ಗಂಡಗ ಹೇಳಿದ್ರ ಹೊಡೀತಾನ. ಪೊಲೀಸರಿಗಿ ಹೇಳಿದ್ರ ಒಯ್ತಾರ. ಒಯ್ದ್ರ ಬರ್ತಾನೇನ್ರಿ?"

ಈ ಭಯವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಯುಎಪಿಎ, ಅಂದರೆ ಭಯೋತ್ಪಾದನೆ ತಡೆಯ ಕಾನೂನಿನಡಿ ಕೇಸಾದರೆ ಜಾಮೀನು ಸಿಗುವುದು ಎಷ್ಟು ಕಷ್ಟ ಅಂತ ಈಗ ಓಣಿಯ ಹೆಂಗಸರಿಗೂ ಗೊತ್ತು.

ಬಾಬು ಬಂದದ್ದು ಅವನ ಐಟಿಐ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು. ಮೊದಲೇ ಒಂದು ವಿಷಯ ಖಡಾಖಂಡಿತವಾಗಿ ಹೇಳಿದೆ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ. ಆದರೆ ಯಾರ ಜೀವಕ್ಕಾದರೂ ಅಪಾಯ ಇದೆ ಅಂತ ಅನಿಸಿದರೆ, ಅಂದರೆ ಆಯುಧ, ತಾರೀಖು, ಜಾಗ, ವ್ಯಕ್ತಿ ಇಂಥದ್ದೇನಾದರೂ ಬಂದರೆ, ನಾನು ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಗುಟ್ಟು ಕಾಯುವ ನಿಯಮಕ್ಕೆ ಇಂಥ ವಿನಾಯಿತಿ ಇದೆ. ಇದನ್ನು ಮೊದಲ ದಿನವೇ ಹೇಳಿದರೆ ಹುಡುಗ ಓಡಿಹೋಗುತ್ತಾನೆ ಅಂತ ಕೆಲವು ಸಲಹೆಗಾರರು ಹೆದರುತ್ತಾರೆ. ನನಗೆ ಹಾಗೆ ಅನಿಸಿಲ್ಲ. ಗೆರೆ ಎಲ್ಲಿದೆ ಅಂತ ಗೊತ್ತಾದ ಮೇಲೆ ಅದರ ಈಚೆ ನಿಂತು ಎಷ್ಟೋ ಮಾತಾಡುತ್ತಾರೆ.

ಅವನ ನಂಬಿಕೆ ಸರಿಯೋ ತಪ್ಪೋ ಅಂತ ನಾನು ವಾದಕ್ಕೆ ಇಳಿಯಲಿಲ್ಲ. ಅಂಥ ವಾದಕ್ಕೆ ಅವನನ್ನು ಚೆನ್ನಾಗಿ ತಯಾರು ಮಾಡಿ ಕಳಿಸಿರುತ್ತಾರೆ, ನಾವು ಸೋಲುವುದು ಖಚಿತ. ರಾತ್ರಿ ಫೋನ್ ಮಾಡುವವರು ಮೊದಲು ಏನು ಕೇಳ್ತಾರೆ ಅಂತಷ್ಟೇ ಕೇಳಿದೆ.

"ಅಣ್ಣ ಊಟ ಆಯ್ತಾ ಅಂತ ಕೇಳ್ತಾರ್ರಿ."

ಫೋನ್ ಮಾಡುವ ಈ ಅಣ್ಣ ಯಾರು, ಎಲ್ಲಿಯವನು, ಬಾಬುವಿಗೆ ಗೊತ್ತಿಲ್ಲ. ಮುಖ ನೋಡಿಲ್ಲ. ಠಾಣೆಯಿಂದ ಬಂದ ವಾರ ಗೆಳೆಯನ ಫೋನಿನಲ್ಲಿ ಆ ಮೆರವಣಿಗೆಯ ವಿಡಿಯೊ ನೋಡುತ್ತಾ, ತನ್ನನ್ನೂ ಎತ್ತಿಕೊಂಡು ಹೋಗಿದ್ದರು ಅಂತ ಕೆಳಗೆ ಬರೆದಿದ್ದ. ಅದಕ್ಕೆ ಉತ್ತರ ಬಂತು. ಆಮೇಲೆ ಒಂದು ಟೆಲಿಗ್ರಾಂ ಗುಂಪು. ಫೋನು ಕಳೆದುಕೊಂಡ ಕತೆ ಕೇಳಿ ಅಣ್ಣ ಸೆಕೆಂಡ್ ಹ್ಯಾಂಡ್ ಫೋನಿಗೆ ದುಡ್ಡು ಕಳಿಸಿದ. ಕೆಲವು ತಿಂಗಳು ಏನೂ ಕೇಳಲಿಲ್ಲ. ದಿನಾ ಊಟ ಆಯ್ತಾ, ಅವ್ವ ಹೇಗಿದ್ದಾಳೆ, ಇಷ್ಟೇ. ನಡುವೆ ವಿಡಿಯೊಗಳು. ಈಗ ಈಗ ಒಂದು ಕೆಲಸ ಹೇಳಿದ್ದ. ನಿನ್ನ ಹೆಸರಲ್ಲಿ ಒಂದು ಸಿಮ್ ತೆಗೆದು, ನಾನು ಹೇಳಿದವರಿಗೆ ಕೊಡು.

ಇಡೀ ಸರಣಿ ಇಲ್ಲಿದೆ ನೋಡಿ. ಠಾಣೆ ಕಸಿದುಕೊಂಡದ್ದನ್ನು ಅಣ್ಣ ಕೊಟ್ಟ. ರಸೀದಿ ಇಲ್ಲದ ಒಂದು ಫೋನು ಇಷ್ಟು ದೂರ ತಂದಿತ್ತು.

ಬಾಬುವಿಗೆ ಆ ದಿನ ಕೊಟ್ಟ ಸಲಹೆ ಒಂದೇ. ಸಿಮ್ ತೆಗೆಯಬೇಡ. ಆಗಲ್ಲ ಅಂತ ನೇರವಾಗಿ ಹೇಳಲು ಹೆದರಿಕೆ ಇದ್ದರೆ ಆಧಾರ್ ಅಪ್ಪನ ಹತ್ತಿರ ಇದೆ ಅನ್ನು. ಆ ಸಿಮ್ಮಿನಿಂದ ಯಾರು ಏನು ಮಾಡಿದರೂ ಪೊಲೀಸರು ಬರುವುದು ನಿನ್ನ ಮನೆ ಬಾಗಿಲಿಗೆ, ಅಣ್ಣನ ಬಾಗಿಲಿಗಲ್ಲ. ಇದನ್ನು ಮಾತ್ರ ಅವನು ತಕ್ಷಣ ಒಪ್ಪಿಕೊಂಡ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿದವನಲ್ವಾ.

ತಾಯಿಗೆ ಹೇಳಿದ್ದು ಜಾಸ್ತಿ ಇತ್ತು. ಫೋನು ಕಿತ್ತುಕೊಳ್ಳಬೇಡಿ. ಒಮ್ಮೆ ಕಿತ್ತುಕೊಂಡದ್ದಕ್ಕೇ ಇಷ್ಟೆಲ್ಲ ಆಗಿದೆ. ಮನೆಯಿಂದ ಹೊರಗೆ ಹಾಕುವ ಮಾತು ಯಾರ ಬಾಯಲ್ಲೂ ಬರಬಾರದು, ಹೊರಗೆ ಹಾಕಿದರೆ ಹೋಗಲು ಅವನಿಗೆ ಒಂದು ಜಾಗ ಸಿದ್ಧವಾಗಿದೆ. ರಾತ್ರಿ ಮಲಗಿಕೊಂಡು ಕದ್ದು ಕೇಳುವ ಬದಲು ಚಹಾ ಮಾಡಿಕೊಂಡು ಮಾಳಿಗೆಗೆ ಹೋಗಿ ಪಕ್ಕದಲ್ಲಿ ಕೂರಿ. ಪಕ್ಕದ ಮನೆಯ ಡಬ್ಬಿ ನಿಲ್ಲಿಸಬೇಡಿ, ಹಿತ್ತಲಿಂದ ಬೇಡ, ಮುಂಬಾಗಿಲಿಂದಲೇ ಬರಲಿ, ಅವನು ತಿನ್ನದಿದ್ದರೆ ಬಿಡಲಿ. ತಂದೆಯ ಜೊತೆ ಮಾತಾಡುವುದು ಕಷ್ಟವಾಯಿತು. "ಕಾಲು ಮುರೀತೀನಿ" ಅನ್ನುವುದು ಬಿಟ್ಟರೆ ಅವರಿಗೆ ಬೇರೆ ಉಪಾಯ ಗೊತ್ತಿರಲಿಲ್ಲ. ವಾರಕ್ಕೊಂದು ದಿನ ಮಗನನ್ನು ಆಟೋದಲ್ಲಿ ಜೊತೆಗೆ ಕರೆದುಕೊಂಡು ಹೋಗಿ, ಉಪದೇಶ ಮಾಡಬೇಡಿ ಅಂದೆ. ಅರ್ಧ ಮಾಡಿದರು. ಕರೆದುಕೊಂಡು ಹೋಗುತ್ತಿದ್ದರು, ಉಪದೇಶ ನಿಲ್ಲಲಿಲ್ಲ.

ಪೊಲೀಸರಿಗೆ ಹೇಳಬೇಕೋ ಬೇಡವೋ ಅಂತ ಐಟಿಐ ಮೇಷ್ಟ್ರು ನನ್ನನ್ನು ಕೇಳಿದರು. ಅವರ ತಳಮಳ ನನಗೆ ಅರ್ಥವಾಗುತ್ತದೆ. ಹಿಂಸೆಯ ಹಾದಿ ಹಿಡಿಯುವವರನ್ನು ಸಮುದಾಯದ ನೆರವಿನಿಂದ ಮೊದಲೇ ತಡೆಯಬೇಕು ಅಂತ ಸರ್ಕಾರಗಳು ಬಹಳ ವರ್ಷಗಳಿಂದ ಹೇಳುತ್ತಿವೆ. ಅಮೆರಿಕ 2011ರಲ್ಲಿ ಇದನ್ನೇ ನೀತಿ ಮಾಡಿ, ಆಮೇಲೆ ಬಾಸ್ಟನ್, ಲಾಸ್ ಏಂಜಲೀಸ್, ಮಿನಿಯಾಪೊಲಿಸ್ ನಗರಗಳಲ್ಲಿ ಪ್ರಯೋಗ ನಡೆಸಿತು. ಸಹಭಾಗಿತ್ವದ ಹೆಸರಲ್ಲಿ ನಮ್ಮ ಮೇಲೆ ಬೇಹುಗಾರಿಕೆ ಮಾಡ್ತಾರೆ ಅಂತ ಅಲ್ಲಿನ ಮುಸ್ಲಿಂ ಸಂಘಟನೆಗಳೇ ದೂರಿದವು. ಬ್ರಿಟನ್ 2015ರಲ್ಲಿ ಶಾಲೆ, ಆಸ್ಪತ್ರೆಗಳಿಗೆ ಇದನ್ನು ಕಾನೂನಿನ ಕರ್ತವ್ಯವನ್ನಾಗಿಯೇ ಮಾಡಿತು. ಅಲ್ಲಿ ಬರುವ ದೂರುಗಳಲ್ಲಿ ಬಹುಪಾಲು ಮುಂದಿನ ಹಂತಕ್ಕೇ ಹೋಗುವುದಿಲ್ಲ, ಆದರೆ ಮೇಷ್ಟ್ರ ಮೇಲಿನ ಮಕ್ಕಳ ನಂಬಿಕೆಗೆ ಪೆಟ್ಟು ಬಿತ್ತು ಅನ್ನುವ ಟೀಕೆ ಇನ್ನೂ ನಿಂತಿಲ್ಲ. ಡೆನ್ಮಾರ್ಕಿನ ಆರ್ಹಸ್ ಊರಿನ ದಾರಿ ಬೇರೆ. 2013ರ ಹೊತ್ತಿಗೆ ಅಲ್ಲಿಂದ ಸುಮಾರು 30 ಯುವಕರು ಯುದ್ಧ ನಡೆಯುತ್ತಿದ್ದ ಸಿರಿಯಾಕ್ಕೆ ಹೋಗಿದ್ದರು. ಪೊಲೀಸರು ಮತ್ತು ನಗರಸಭೆ ಜೊತೆಯಾಗಿ ಕೂತು, ಅಪರಾಧ ಮಾಡಿರದೆ ವಾಪಸು ಬಂದವರಿಗೆ ಓದು, ಕೆಲಸ, ಜೊತೆಗೊಬ್ಬ ಮಾರ್ಗದರ್ಶಕ ಅಂತ ವ್ಯವಸ್ಥೆ ಮಾಡಿದರು. ಮನೆಯವರು ಬಾಯಿ ಬಿಡಲು ಅಲ್ಲಿ ಒಂದು ಕಾರಣ ಇತ್ತು.

ಇಷ್ಟು ದೂರ ಹೋಗುವುದೂ ಬೇಡ. ಮಹಾರಾಷ್ಟ್ರದ ಭಿವಂಡಿಗೆ ನಮ್ಮ ಕಡೆಯಿಂದ ದುಡಿಯಲು ಹೋದವರಿದ್ದಾರೆ. 1984ರ ಕೋಮುಗಲಭೆಯಲ್ಲಿ ಹೊತ್ತಿ ಉರಿದ ಊರದು. ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ 1988ರಲ್ಲಿ ಅಲ್ಲಿಗೆ ಬಂದ ಮೇಲೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಮುಖಂಡರಿಗಿಂತ ಹೆಚ್ಚಾಗಿ ಓಣಿಯ ಸಾದಾ ಜನರನ್ನು ಸೇರಿಸಿಕೊಂಡರು. 1992ರ ಡಿಸೆಂಬರಿನಲ್ಲಿ ಪಕ್ಕದ ಮುಂಬೈ ಉರಿಯುವಾಗ ಭಿವಂಡಿ ತಣ್ಣಗಿತ್ತು.

ನಮ್ಮಲ್ಲಿ ಶಾಂತಿ ಸಭೆ ಇದೆ. ಗಣೇಶ ಚತುರ್ಥಿಗೆ, ಈದ್ ಮಿಲಾದ್‌ಗೆ ಮುಂಚೆ ನಡೆಯುತ್ತದೆ. ನಾನೂ ಹೋಗಿದ್ದೇನೆ. ಅದೇ ಮುಖಂಡರು, ಅದೇ ಭಾಷಣ, ಚಹಾ ಬಿಸ್ಕತ್ತು, ಒಂದು ಫೋಟೊ. ಬಾಬುವಿನ ವಯಸ್ಸಿನವರು ಅಲ್ಲಿ ಕುರ್ಚಿ ಹಾಕಲು ಬಂದಿರುತ್ತಾರೆ. ತಾಯಂದಿರು ಇರುವುದೇ ಇಲ್ಲ. 2025ರಲ್ಲಿ ರಾಜ್ಯದಲ್ಲಿ "ಮನೆ ಮನೆಗೆ ಪೊಲೀಸ್" ಶುರುವಾಗಿದೆ, ಬೀಟ್ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಕಷ್ಟ ಕೇಳಬೇಕು ಅನ್ನುವುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಮಗನ ಫೋನು ರಸೀದಿ ಇಲ್ಲದೆ ಠಾಣೆಯಲ್ಲಿರುವಾಗ ಬಾಗಿಲಿಗೆ ಬಂದ ಪೊಲೀಸರ ಮುಂದೆ ಯಾವ ತಾಯಿ ಮನಸ್ಸು ಬಿಚ್ಚುತ್ತಾಳೆ?

ಹಾಗಾಗಿ ಮೇಷ್ಟ್ರಿಗೆ ಹೇಳಿದೆ, ಹೇಳೋಣ, ಆದರೆ ಮೊದಲು ಫೋನು.

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಒಬ್ಬ ವಕೀಲರನ್ನು ಹಿಡಿದೆವು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ, ಅದಕ್ಕೆ ಅರ್ಜಿ ತಾಯಿಯ ಹೆಸರಲ್ಲೇ ಹೋಯಿತು. ವಕೀಲರು ಜಗಳ ಮಾಡಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ, ಪೊಲೀಸ್ ತನಿಖೆಯ ನಿಯಮಗಳಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಜಪ್ತಿ ಮಾಡುವಾಗ ವಿಡಿಯೊ ಮಾಡಬೇಕು, ವಸ್ತುಗಳ ಪಟ್ಟಿ ಮಾಡಿ ಸಾಕ್ಷಿಗಳ ಸಹಿ ಹಾಕಿಸಬೇಕು ಅಂತ ಇದೆ, ಈ ಫೋನಿನ ಪಟ್ಟಿ ಎಲ್ಲಿದೆ ಅಂತ ಮೇಲಧಿಕಾರಿಗೆ ಒಂದು ಪುಟದ ಪತ್ರ ಬರೆದರು. ಹತ್ತು ದಿನಕ್ಕೆ ಕರೆ ಬಂತು. ತರಲು ಬಾಬು ಒಬ್ಬನೇ ಹೋಗಲಿಲ್ಲ. ಮೇಷ್ಟ್ರು ಹೋದರು. ಮೊಬೈಲ್ ಅಂಗಡಿಯ ಕಾಕಾ ಅಂಗಡಿ ಮುಚ್ಚಿ ಬಂದರು, ಅವರನ್ನು ನಾನು ಕರೆದಿರಲಿಲ್ಲ, ತಾಯಿ ಹೇಳಿದ್ದರಂತೆ. ಆ ದಿನ ಇದ್ದ ಅಧಿಕಾರಿ ಹೊಸಬರು. ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಫೋನು ಕೊಟ್ಟರು. "ಕುಂದ್ರಪ್ಪಾ" ಅಂತ ಕುರ್ಚಿ ತೋರಿಸಿದರಂತೆ. ಬಾಬು ನನಗೆ ಮೊದಲು ಹೇಳಿದ್ದು ಈ ಕುರ್ಚಿಯ ವಿಷಯ, ಫೋನಿನದಲ್ಲ. ಆ ರಾತ್ರಿ ಅವನನ್ನು ನೆಲದ ಮೇಲೆ ಕೂರಿಸಿದ್ದರು.

ಅಣ್ಣನ ನಂಬರು, ದುಡ್ಡು ಕಳಿಸಿದ ಖಾತೆ, ಸಿಮ್ ಕೇಳಿದ ಮೆಸೇಜು, ಇದೆಲ್ಲ ಅವನು ವಕೀಲರ ಎದುರು ಬರೆದುಕೊಟ್ಟದ್ದು ಇದಾದ ಮೇಲೆಯೇ. ಅದು ಸಂಬಂಧಪಟ್ಟವರಿಗೆ ಹೋಯಿತು. ಮುಂದೆ ಏನಾಯಿತು ಅನ್ನುವುದು ಅವರ ಕೆಲಸ, ಇಲ್ಲಿ ಬರೆಯುವುದು ಸರಿಯಲ್ಲ. ಬಾಬುವಿನ ಮೇಲೆ ಕೇಸಾಗಲಿಲ್ಲ.

ಧರ್ಮದ ವಿಷಯಕ್ಕೆ ಅವನ ಕಡೆಯವರೇ ಆದ ಒಬ್ಬ ಹಿರಿಯರನ್ನು ಹುಡುಕಿದೆವು. ಶಾಂತಿ ಸಭೆಯ ವೇದಿಕೆಯಲ್ಲಿ ಕಾಣುವವರಲ್ಲ, ಸಂಜೆ ಮಕ್ಕಳಿಗೆ ಪಾಠ ಹೇಳುವವರು. ವಿಡಿಯೊಗಳಲ್ಲಿ ಕೇಳಿದ ಮಾತುಗಳನ್ನು ಅವರ ಮುಂದಿಟ್ಟು ಬಾಬು ಜಗಳವಾಡಿದ. ಅವರು ನಗುತ್ತಾ ಕೇಳಿ, ಮತ್ತೆ ಬಾ ಅಂದರು. ಇವನು ಈಗಲೂ ಹೋಗುತ್ತಾನೆ, ಈಗಲೂ ಜಗಳವಾಡುತ್ತಾನೆ. ಅವನ ಸಿಟ್ಟು ಪೂರ್ತಿ ಹೋಗಿಲ್ಲ. ಹೋಗಬೇಕು ಅಂತ ನಾನೂ ಪಟ್ಟು ಹಿಡಿದಿಲ್ಲ. ಆ ರಾತ್ರಿಯ ಬಗ್ಗೆ ಸಿಟ್ಟಾಗಲು ಅವನಿಗೆ ಕಾರಣ ಇದೆ. ಅದನ್ನು ಅರ್ಜಿಯಾಗಿ ಬರೆಯುವುದು ಹೇಗೆ ಅಂತ ಈಗ ಗೊತ್ತಿದೆ, ಓಣಿಯ ಇನ್ನಿಬ್ಬರು ಹುಡುಗರಿಗೂ ಬರೆದುಕೊಟ್ಟಿದ್ದಾನೆ. ಸಂಜೆ ಮತ್ತೆ ಅಂಗಡಿಯಲ್ಲಿರುತ್ತಾನೆ. ಅಣ್ಣನ ದುಡ್ಡಿನ ಫೋನನ್ನು ಬರೆದುಕೊಟ್ಟ ದಿನವೇ ಒಪ್ಪಿಸಿಬಿಟ್ಟ.

ಇಂಥದ್ದೇ ಏನಾದರೂ ನಿಮ್ಮ ಮನೆಯಲ್ಲಿ ನಡೆದಿದ್ದರೆ, ಮೊದಲು ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಠಾಣೆಯ, ಕೇಸಿನ ತೊಡಕಿದ್ದರೆ ಕಾನೂನು ನೆರವಿನ ನಂಬರು 15100. ಆಯುಧ ಕಂಡರೆ, ಇಂಥ ದಿನ ಇಂಥ ಕಡೆ ಅನ್ನುವ ಮಾತು ಕಿವಿಗೆ ಬಿದ್ದರೆ, ನನ್ನಂಥವರ ಹತ್ತಿರ ಬರುವಷ್ಟು ಸಮಯ ಇಲ್ಲ ಅಂತ ತಿಳಿದು ನೇರ 112ಕ್ಕೆ ಮಾಡಿ.