ಬಯಲಲ್ಲಿರುವ ಸುದ್ದಿಗೆ ಬೇಹುಗಾರರೇಕೆ?

ಪ್ರಶ್ನೆ: 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ ತನ್ನ ಗುಪ್ತಚರ ವ್ಯವಸ್ಥೆಯನ್ನು ಸುಧಾರಿಸಿತಲ್ಲ, ಪತ್ರಿಕೆ, ಬಾನುಲಿಗಳಂತೆ ಯಾರಿಗಾದರೂ ಸಿಗುವ ಬಹಿರಂಗ ಮಾಹಿತಿಗೆ ಅದರಲ್ಲಿ ಜಾಗ ಸಿಕ್ಕಿತೇ?

ಉತ್ತರ: ಸಿಕ್ಕಿತು, ಅರೆಮನಸ್ಸಿನಿಂದ. ತನಿಖಾ ಆಯೋಗ 2004ರ ಜುಲೈನಲ್ಲಿ ಕೊಟ್ಟ ವರದಿಯ ನಕ್ಷೆಯಲ್ಲಿ ಇದಕ್ಕೆಂದೇ ಒಂದು ಸಂಸ್ಥೆಯಿತ್ತು. ಡಿಸೆಂಬರ್‌ನಲ್ಲಿ ಬಂದ ಕಾಯ್ದೆ ಎಲ್ಲ ಗುಪ್ತಚರ ಸಂಸ್ಥೆಗಳ ಮೇಲೆ ಒಬ್ಬ ರಾಷ್ಟ್ರೀಯ ನಿರ್ದೇಶಕರನ್ನು ಕೂರಿಸಿತು; ಬಹಿರಂಗ ಮಾಹಿತಿ ಕೇಂದ್ರ ಇರಲಿ ಎಂಬುದನ್ನು ಮಾತ್ರ ಕಡ್ಡಾಯ ಮಾಡದೆ, ಸಂಸತ್ತಿನ ಅಭಿಪ್ರಾಯವೆಂದಷ್ಟೇ ಬರೆದು ಬಿಟ್ಟಿತು. 2005ರ ನವೆಂಬರ್‌ನಲ್ಲಿ ‘ಓಪನ್ ಸೋರ್ಸ್ ಸೆಂಟರ್’ ಶುರುವಾಯಿತು, ಅದೂ ಸಿಐಎ ಮಡಿಲಲ್ಲಿ. ಅದರ ಬುನಾದಿಯೂ ಹಳೆಯದೇ: ವಿದೇಶಿ ಬಾನುಲಿ ಕೇಳಿ ಅನುವಾದಿಸಲು 1941ರಲ್ಲಿ ಹುಟ್ಟಿದ ಸೇವೆ. ಗುಟ್ಟು ಕದಿಯುವುದೇ ಕಸುಬಾದ ಮನೆಯಲ್ಲಿ ಪತ್ರಿಕೆ ಓದುವವನಿಗೆ ಎಷ್ಟು ಮರ್ಯಾದೆ ಸಿಕ್ಕೀತು?

ಪ್ರಶ್ನೆ: ಗುಟ್ಟಾಗಿ ತಂದದ್ದೇ ಹೆಚ್ಚು ನಂಬಲರ್ಹವಲ್ಲವೇ?

ಉತ್ತರ: ‘ಕರ್ವ್‌ಬಾಲ್’ ಎಂಬ ಗುಪ್ತನಾಮದ ಇರಾಕಿ ಮಾಹಿತಿದಾರನನ್ನು ನೆನೆಯಿರಿ. ಇರಾಕ್‌ನಲ್ಲಿ ಸಂಚಾರಿ ಜೈವಿಕ ಅಸ್ತ್ರ ಘಟಕಗಳಿವೆ ಎಂದು ಅವನು ಜರ್ಮನಿಯ ಗುಪ್ತಚರರಿಗೆ ಹೇಳಿದ. ಆ ಮಾತು 2003ರ ಫೆಬ್ರುವರಿಯಲ್ಲಿ ಅಮೆರಿಕದ ವಾದವಾಗಿ ವಿಶ್ವಸಂಸ್ಥೆಯವರೆಗೆ ಹೋಯಿತು. ಎಲ್ಲವೂ ಸುಳ್ಳು. ಗುಟ್ಟಿನ ಮೊಹರು ಬಿದ್ದ ಮಾಹಿತಿಯನ್ನು ನೋಡುವವರೇ ಕಡಿಮೆ, ಪ್ರಶ್ನಿಸುವವರು ಇನ್ನೂ ಕಡಿಮೆ.

ಪ್ರಶ್ನೆ: ರಾಶಿ ಸುದ್ದಿಯಲ್ಲಿ ಜೊಳ್ಳನ್ನು ತೂರುವುದು ಹೇಗೆ?

ಉತ್ತರ: ಮೊದಲು ಪ್ರಶ್ನೆ ಕಿರಿದಾಗಬೇಕು. ‘ಆ ದೇಶದಲ್ಲಿ ಏನು ನಡೆದಿದೆ’ ಎಂದು ಕೇಳಿದರೆ ಸಿಗುವುದು ಕತ್ತರಿಸಿದ ಪತ್ರಿಕೆಗಳ ಕಂತೆ. ‘ಈ ಬಂದರಿನಲ್ಲಿ ಕಳೆದ 30 ದಿನಗಳಲ್ಲಿ ಧಾನ್ಯ ಇಳಿಸುವುದು ನಿಂತಿದೆಯೇ’ ಎಂದರೆ ಎಲ್ಲಿ ಹುಡುಕಬೇಕೆಂಬುದು ಗೊತ್ತಾಗುತ್ತದೆ: ಹಡಗುಗಳ ಚಲನೆಯ ದಾಖಲೆ, ಬಂದರಿನ ಪ್ರಕಟಣೆ, ಉಪಗ್ರಹ ಚಿತ್ರ, ಸ್ಥಳೀಯ ಭಾಷೆಯ ಪತ್ರಿಕೆ. ಹಡಗು ತಾನಿರುವ ಜಾಗ ತಿಳಿಸುವ ಸಂಕೇತ ಸಾಧನವನ್ನು ಆರಿಸಿರಲೂಬಹುದು. ದಾಖಲೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ಹಡಗು ಬಂದಿಲ್ಲ ಎನ್ನುವಂತಿಲ್ಲ.

ಹೆಚ್ಚಿನವರು ಎಡವುವುದು ಎಣಿಕೆಯಲ್ಲಿ. ಇಪ್ಪತ್ತು ಪತ್ರಿಕೆಗಳಲ್ಲಿ ಬಂದಿದೆ ಎಂದು ಇಪ್ಪತ್ತು ಸಾಕ್ಷಿ ಎಣಿಸುತ್ತಾರೆ. ಹಿಂದೆ ಹಿಂದೆ ಹೋದರೆ ಎಲ್ಲದಕ್ಕೂ ಒಂದೇ ಸುದ್ದಿಸಂಸ್ಥೆಯ ಒಂದು ಸಾಲು. ಮೊದಲು ಪ್ರಕಟವಾದದ್ದನ್ನು ಹುಡುಕಿ, ಮೂಲ ಭಾಷೆಯಲ್ಲೇ ಓದಬೇಕು. ಅನುವಾದದಲ್ಲಿ ‘ಬಂದಿರಬಹುದು’ ಎನ್ನುವುದು ‘ಬಂದಿದೆ’ ಆಗಿಬಿಡುವುದುಂಟು.

ಚಿತ್ರವಾದರೆ, ಅದು ಹಿಂದೆ ಎಲ್ಲಾದರೂ ಬಂದಿತ್ತೇ ಎಂದು ಚಿತ್ರಶೋಧದಲ್ಲಿ ನೋಡಿ. ಬೆಟ್ಟದ ಅಂಚು, ಗೋಪುರ, ರಸ್ತೆಯ ತಿರುವನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸಿ. ದಿನಾಂಕ, ಸ್ಥಳ ತಿಳಿದಿದ್ದರೆ ನೆರಳಿನ ದಿಕ್ಕಿನಿಂದ ಹೊತ್ತನ್ನು ಅಂದಾಜಿಸಬಹುದು. ಫೋಟೊದೊಳಗಿನ ದಿನಾಂಕ, ಸ್ಥಳದ ವಿವರ ನೆಚ್ಚಿ ಕೂರಬೇಡಿ; ಹೆಚ್ಚಿನ ಸಂದೇಶ ಆ್ಯಪ್‌ಗಳು ಅದನ್ನು ಅಳಿಸಿಹಾಕುತ್ತವೆ. ಪುಟ ಕಂಡ ಕೂಡಲೇ ಪ್ರತಿ ಉಳಿಸಿ, ವಿಳಾಸ ಮತ್ತು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಕಾಲ) ಸಮಯ ಬರೆದಿಡಿ. ನಾಳೆ ಆ ಪುಟ ಇರುತ್ತದೆ ಎಂಬ ಖಾತ್ರಿಯಿಲ್ಲ.

ಪ್ರಶ್ನೆ: ಹಾಗಿದ್ದರೆ ಗೂಢಚಾರರು ಬೇಡವೇ?

ಉತ್ತರ: ಬೇಕು. ಅಮೆರಿಕದ ಗುಪ್ತಚರ ವ್ಯವಸ್ಥೆಯನ್ನು ಪರಿಶೀಲಿಸಿ 1996ರಲ್ಲಿ ವರದಿ ಕೊಟ್ಟ ಆಸ್ಪಿನ್–ಬ್ರೌನ್ ಆಯೋಗ ಆಫ್ರಿಕಾದ ಬುರುಂಡಿ ದೇಶದ ಕುರಿತು ಎರಡೂ ಬಗೆಯ ಮಾಹಿತಿಯನ್ನು ಹೋಲಿಸಿತ್ತು. ಕೆಲವು ವಿಷಯಗಳಲ್ಲಿ ಬಹಿರಂಗ ಮಾಹಿತಿಯೇ ಹೆಚ್ಚು ವಿವರವಾಗಿತ್ತು. ಆದರೆ ಅದನ್ನು ತಾಳೆ ನೋಡಬೇಕಿತ್ತು; ನೀತಿ ರೂಪಿಸುವವರಿಗೆ ಬೇಕಾದ ಹಲವು ಮುಖ್ಯ ಸಂಗತಿಗಳು ಅದರಲ್ಲಿ ಇರಲಿಲ್ಲ.